ಮಂಚಮ್ಮನ ಗುದ್ದಲಿಯ ಅಕ್ಕಪಕ್ಕ

ಮಣ್ಣು ಮೆತ್ತಿದ ಗುದ್ದಲಿಯನ್ನು ಹಾಗೆಯೇ ತಂದು ಕೈಗೆ ಕೊಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ನಾನು ಜವರಯ್ಯ, ಇಪ್ಪತ್ತಮೂರು ವರ್ಷದಿಂದ ನಮ್ಮೂರಿನ ಗುದ್ದಲಿ, ಗಿಡ ಸವರುವ ಕತ್ತರಿ ಎಲ್ಲವನ್ನೂ ಚಳಿಗಾಲಕ್ಕೆ ತೂಗುಹಾಕಿಡುವ ಹತಾರಮನೆ ನೋಡಿಕೊಳ್ಳುವವನು. ಊರಿನವರು ನನ್ನನ್ನು ಗೂಟದ ಜವರಯ್ಯ ಎಂದು ಕರೆಯುತ್ತಾರೆ. ಬೆನ್ನ ಹಿಂದೆ ಇನ್ನೂ ಏನೇನೋ ಕರೆಯುತ್ತಾರಂತೆ, ಅದನ್ನು ನಾನು ವಿಚಾರಿಸಲು ಹೋಗಿಲ್ಲ. ಹತಾರವನ್ನು ಚಳಿಗೆ ಒಪ್ಪಿಸುವುದಕ್ಕೆ ಒಂದು ಕ್ರಮವಿದೆ. ತೆಂಗಿನ ನಾರಿನಿಂದ ಉಜ್ಜಿ ತೊಳೆಯಬೇಕು. ತೊಳೆದದ್ದನ್ನು ಒಂದು ಪೂರ್ತಿ ಹಗಲು ಬಿಸಿಲಿಗಿಟ್ಟು ಒಣಗಿಸಬೇಕು. ತುಕ್ಕು ಕಂಡ ಕಡೆ ಇಟ್ಟಿಗೆ ಪುಡಿ ಹಾಕಿ ತಿಕ್ಕಬೇಕು, ಬಾಯಿ ಮಸೆಯಬೇಕು, ಕಬ್ಬಿಣಕ್ಕೆ ಹೊಂಗೆ ಎಣ್ಣೆ, ಮರದ ಕಾವಿಗೆ ಅಗಸೆ ಎಣ್ಣೆ ಸವರಬೇಕು. ಕಾವು ಅಲ್ಲಾಡುತ್ತಿದ್ದರೆ ಬೆಣೆ ಹೊಡೆಯಬೇಕು. ಇಷ್ಟು ಮಾಡಲು ಏನು ದಾಡಿ? ಆದರೂ ಪ್ರತಿ ವರ್ಷ ಹತ್ತಾರು ಜನ ಮೇಲೆ ಮೇಲೆ ಒರೆಸಿ ತಂದು ಹಲ್ಲು ಕಿರಿಯುತ್ತಾರೆ. ನಾನು ಕಾವಿನ ಸಂದಿಗೆ ಉಗುರು ಹಾಕಿ ಒಂದು ಚೂರು ಮಣ್ಣು ಕಿತ್ತು, ಅದನ್ನು ಅವರ ಅಂಗೈ ಮೇಲಿಟ್ಟು ವಾಪಸು ಕಳಿಸುತ್ತೇನೆ.

ನಮ್ಮೂರಿನ ಚಳಿ ತೊಂಬತ್ತು ದಿನದ್ದು. ಅಷ್ಟೂ ದಿನ ನೆಲ ಕಲ್ಲಾಗಿರುತ್ತದೆ, ಹಿತ್ತಲಿಗೆ ಯಾರೂ ಕಾಲಿಡುವುದಿಲ್ಲ. ಊರಿನ ಹತಾರಗಳೆಲ್ಲ ಹತಾರಮನೆಯ ಇನ್ನೂರ ಹನ್ನೆರಡು ಗೂಟಗಳಿಗೆ ಸಾಲಾಗಿ ತೂಗಿಕೊಂಡಿರುತ್ತವೆ. ನೆಲದಿಂದ ಒಂದು ಮೊಳ ಮೇಲೆ, ಗೋಡೆಯಿಂದ ಒಂದು ಗೇಣು ದೂರ, ಬಾಯಿ ಕೆಳಗೆ. ನೆಲಕ್ಕೆ ಬೂದಿ ಚೆಲ್ಲಿರುತ್ತೇನೆ, ಮೂಲೆಮೂಲೆಗೆ ಬೇವಿನ ಸೊಪ್ಪು ಕಟ್ಟಿರುತ್ತೇನೆ. ಹೀಗೆ ಒಂದು ಚಳಿಗಾಲ ಪಕ್ಕಪಕ್ಕದಲ್ಲಿ ತೂಗಿದ ಹತಾರಗಳು ಒಂದರ ನಡತೆಯನ್ನು ಇನ್ನೊಂದು ಕಲಿಯುತ್ತವೆ. ಹಾಗಾಗಿ ಯಾವುದರ ಪಕ್ಕ ಯಾವುದನ್ನು ಹಾಕಬೇಕು ಅನ್ನುವುದೇ ನನ್ನ ನಿಜವಾದ ಕೆಲಸ. ಉಳಿದದ್ದೆಲ್ಲ ಕಸ ಗುಡಿಸುವ ಕೆಲಸ, ಅದನ್ನು ಯಾರು ಬೇಕಾದರೂ ಮಾಡಬಹುದು.

ಹೊಸದಾಗಿ ಮದುವೆಯಾದವರ ಗುದ್ದಲಿಗಳನ್ನು ಮೊದಲ ಚಳಿಗೆ ಜೊತೆಯಲ್ಲಿ ಹಾಕುತ್ತೇವೆ. ಬೇಸಿಗೆಯಲ್ಲಿ ಇಬ್ಬರೂ ಒಂದೇ ಪಾತಿ ಅಗೆದರೆ ಯಾರು ಅಗೆದದ್ದು ಯಾವುದು ಎಂದು ಅತ್ತೆಗೂ ಗೊತ್ತಾಗಬಾರದು. ಅಣ್ಣತಮ್ಮಂದಿರು ಜಗಳವಾಡಿಕೊಂಡರೆ ಮನೆ ಪಾಲು ಮಾಡಿಕೊಳ್ಳುವುದಕ್ಕೆ ಮೊದಲು ನನ್ನ ಬಳಿ ಬಂದು ಗೂಟ ಬೇರೆ ಮಾಡಿಸಿಕೊಳ್ಳುತ್ತಾರೆ. ಒಂದು ವರ್ಷ ಗಡಿಬಿಡಿಯಲ್ಲಿ ಶಾಲೆಯ ಮೇಷ್ಟರ ಗುದ್ದಲಿಯನ್ನು ಬಾವಿ ತೋಡುವವನ ಗುದ್ದಲಿಯ ಪಕ್ಕ ಹಾಕಿಬಿಟ್ಟೆ. ಆ ಬೇಸಿಗೆ ಮೇಷ್ಟರು ಕೊತ್ತಂಬರಿ ಬಿತ್ತಲು ಹೋಗಿ ಸೊಂಟದ ಮಟ್ಟದ ಗುಂಡಿ ತೋಡಿ, ಅದರೊಳಗೇ ನಿಂತುಕೊಂಡು ನನ್ನನ್ನು ಬಾಯಿಗೆ ಬಂದಂತೆ ಬೈದರು. ಕತ್ತರಿ ಮತ್ತು ಗುದ್ದಲಿಯಾದರೆ ತಂಟೆಯಿಲ್ಲ. ಅಗೆಯುವುದು ಕತ್ತರಿಸುವುದರಿಂದ ಏನೂ ಕಲಿಯುವುದಿಲ್ಲ, ಒಂದಕ್ಕೊಂದು ಜೊತೆಯಾಗಿರುತ್ತವೆ ಅಷ್ಟೆ. ಆ ಜೊತೆಯಾದರೂ ಬೇಕೇ ಬೇಕು. ಒಂಟಿಯಾಗಿ ಚಳಿ ಕಳೆದ ಹತಾರ ಕಲಿತದ್ದನ್ನೆಲ್ಲ ಮರೆತು, ಕುಲುಮೆಯಿಂದ ಆಗತಾನೇ ಬಂದ ಕಬ್ಬಿಣದಂತಾಗಿರುತ್ತದೆ.

ಊರಿನಲ್ಲಿ ಸಸಿ ಬೇಕಾದವರು ಮಂಚಮ್ಮನ ಮನೆಗೆ ಹೋಗುತ್ತಾರೆ. ಎಲೆಕೋಸು, ಬದನೆ, ಮೆಣಸಿನಕಾಯಿ, ಸೇವಂತಿಗೆ, ಏನೇ ಆಗಲಿ, ನಮ್ಮೂರಿನ ಹಿತ್ತಲುಗಳಲ್ಲಿ ಬೆಳೆಯುವ ಮುಕ್ಕಾಲು ಪಾಲು ಅವಳ ಸಸಿ ಮಡಿಯಿಂದ ಎದ್ದು ಬಂದದ್ದು. ಅವಳ ಬದುಕು ನಡೆಯುವುದೇ ಅದರಿಂದ. ಅವಳು ಗುದ್ದಲಿ ಹಿಡಿದರೆ ನೋಡಬೇಕು. ಕಳೆಯ ಬೇರನ್ನು ಹುಡುಕಿಕೊಂಡು ಹೋಗುತ್ತದೆ, ಪಕ್ಕದಲ್ಲೇ ಇರುವ ಸಸಿಯ ಬೇರಿಗೆ ಸೋಕುವುದಿಲ್ಲ. ಮಣ್ಣು ರವೆಯಂತೆ ಉದುರುತ್ತದೆ. ಐವತ್ತು ದಾಟಿದ ಹೆಂಗಸು, ಸಣ್ಣ ಮೈ, ಮಾತು ಕಡಿಮೆ. ಯಾರಾದರೂ ಹೊಗಳಿದರೆ ಸೆರಗಿನಿಂದ ಮುಖ ಒರೆಸಿಕೊಂಡು ಬೇರೆ ಕಡೆ ನೋಡುತ್ತಾಳೆ.

ನಾನು ಹತಾರಮನೆಗೆ ಬಂದ ಮೂರನೆಯ ವರ್ಷ ನನಗೊಂದು ಉಪಾಯ ಹೊಳೆಯಿತು. ಊರಿನ ಅತ್ಯಂತ ಕೆಟ್ಟ ಎರಡು ಗುದ್ದಲಿಗಳನ್ನು ಆರಿಸಿ ಮಂಚಮ್ಮನ ಗುದ್ದಲಿಯ ಆಚೆ ಒಂದು, ಈಚೆ ಒಂದು ತೂಗುಹಾಕಿದೆ. ಬೇಸಿಗೆಯಲ್ಲಿ ನೋಡಿದರೆ ಎರಡೂ ಹಿತ್ತಲು ನಳನಳಿಸುತ್ತಿದ್ದವು. ಊರಿನ ಯಜಮಾನರು ಎಲ್ಲರೆದುರು ನನ್ನ ಬೆನ್ನು ತಟ್ಟಿದರು. ಅಲ್ಲಿಂದ ಮುಂದೆ ಪ್ರತಿ ವರ್ಷ ಇದೇ ಪದ್ಧತಿಯಾಯಿತು. ಸಿಡುಕರದು, ಮೈಗಳ್ಳರದು, ಅರ್ಧ ಕೆಲಸ ಬಿಟ್ಟು ಹರಟೆಗೆ ಹೋಗುವವರದು, ಎಲ್ಲರ ಗುದ್ದಲಿಯೂ ಸರದಿಯ ಪ್ರಕಾರ ಮಂಚಮ್ಮನ ಪಕ್ಕಕ್ಕೆ ಹೋಗಿ ರಿಪೇರಿಯಾಗಿ ಬಂತು. ಎರಡು ಮೂರು ವರ್ಷ ಬಳಸುವಷ್ಟರಲ್ಲಿ ಮತ್ತೆ ತಮ್ಮ ಕೈಗೆ ಬಗ್ಗಿಸಿಕೊಳ್ಳುತ್ತಿದ್ದರು, ಅದು ಬೇರೆ ಮಾತು. ಇಪ್ಪತ್ತು ಚಳಿಗಾಲ ಹೀಗೆ ನಡೆಯಿತು. ಒಳ್ಳೆಯದು ಕೆಟ್ಟದ್ದಕ್ಕೆ ಕಲಿಸುತ್ತದೆ ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ. ಒಳ್ಳೆಯದೂ ಕೆಟ್ಟದ್ದರಿಂದ ಕಲಿಯುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಮಂಚಮ್ಮನ ಗುದ್ದಲಿ ತಡೆದುಕೊಳ್ಳುತ್ತದೆ ಎಂದುಕೊಂಡಿದ್ದೆ.

ಹೋದ ವರ್ಷ ಬಾಗಿಲು ಮುಚ್ಚುವ ದಿನ ಬಂತು. ಆ ದಿನ ಹೊತ್ತು ಮುಳುಗುವುದರೊಳಗೆ ಎಲ್ಲ ಹತಾರವೂ ಒಳಗಿರಬೇಕು. ಬಾಗಿಲು ಹಾಕಿ ಸಂದಿಗೆಲ್ಲ ಹಸಿ ಜೇಡಿ ಮೆತ್ತಿದರೆ ಮತ್ತೆ ತೆರೆಯುವುದು ತೊಂಬತ್ತೊಂದನೆಯ ದಿನವೇ. ತಡವಾಗಿ ಮಂಜು ಒಳಗೆ ನುಗ್ಗಿತೆಂದರೆ ಇನ್ನೂರ ಹನ್ನೆರಡಕ್ಕೂ ತುಕ್ಕು ಹಿಡಿಯುತ್ತದೆ. ಅಂಗಳದಲ್ಲಿ ಎಂದಿನಂತೆ ಊರೂಟ ನಡೆದಿತ್ತು, ಮುದ್ದೆ, ಅವರೆಕಾಳಿನ ಸಾರು. ಮಂಚಮ್ಮನ ಗೂಟ ಒಂದು ಬಿಟ್ಟು ಎಲ್ಲ ತುಂಬಿದ್ದವು. ಅದರ ಎಡಗಡೆ ಬೆಟ್ಟಯ್ಯನ ಗುದ್ದಲಿ ಇತ್ತು. ಬೆಟ್ಟಯ್ಯ ಪಾಪದವನು. ಹಿಂದಿನ ವರ್ಷ ಕಾಯಿಲೆ ಬಿದ್ದು ಬಲಗೈ ಸೋತಿತ್ತು, ಗುದ್ದಲಿಯೂ ಸೋತ ಕೈಯನ್ನೇ ಕಲಿತು ಕೂತಿತ್ತು. ಅವನಿಗೆ ಮಂಚಮ್ಮನ ಪಕ್ಕ ಕೊಡಿಸುತ್ತೇವೆ ಎಂದು ಯಜಮಾನರು ಮಾತು ಕೊಟ್ಟಿದ್ದರು. ಬಲಗಡೆಗೆ ಒಬ್ಬ ಜಗಳಗಂಟನದು.

ಮಂಚಮ್ಮ ಬಂದದ್ದು ಮಧ್ಯಾಹ್ನ ಕಳೆದ ಮೇಲೆ. ಗುದ್ದಲಿಯನ್ನು ಎಂದಿನಂತೆ ಅಚ್ಚುಕಟ್ಟಾಗಿ ತೊಳೆದು ಎಣ್ಣೆ ಹಚ್ಚಿ ತಂದಿದ್ದಳು, ಆದರೆ ನನ್ನ ಕೈಗೆ ಕೊಡಲಿಲ್ಲ. ಅವಳ ಬೆರಳುಗಳೆಲ್ಲ ಒಡೆದು ಸೀಳಾಗಿದ್ದವು, ಎರಡಕ್ಕೆ ಬಟ್ಟೆ ಸುತ್ತಿದ್ದಳು.

"ಈ ಸಲ ಆ ಜಾಗಕ್ಕೆ ಹಾಕ್ಬ್ಯಾಡ ಜವರಣ್ಣ," ಅಂದಳು.

"ಯಾಕೆ? ಇಪ್ಪತ್ತು ವರ್ಷದಿಂದ ಅದೇ ಗೂಟ ಅಲ್ವಾ ನಿಂದು?"

"ಗೂಟ ಅದೇ ಇರ್ಲಿ. ಅಕ್ಕಪಕ್ಕ ಬ್ಯಾಡ." ಬೆರಳಿಗೆ ಸುತ್ತಿದ್ದ ಬಟ್ಟೆಯನ್ನು ಬಿಗಿ ಮಾಡಿಕೊಂಡಳು. "ಮೊದ್ಲೆಲ್ಲ ಚಳಿ ಬಿಟ್ಮೇಲೆ ಎಂಟು ದಿನಕ್ಕೆ ನನ್ ದಾರಿಗೆ ಬಂದ್ಬುಡ್ತಿತ್ತು. ಆಮೇಲೆ ಒಂದು ತಿಂಗಳಾಯ್ತು. ಆಮೇಲೆ ಮೂರು ತಿಂಗಳು. ಈ ಸಲ ಬರ್ಲೇ ಇಲ್ಲ. ಕೈಗೆ ವಯಸ್ಸಾಯ್ತು ಅಂದ್ಕೊಂಡಿದ್ದೆ. ಆದ್ರೆ ಬದನೆ ಮಡಿ ಕೆದಕ್ತಾ ಇದ್ದಾಗ ನನ್ ಕಣ್ಣೆದುರಿಗೇ ಸಸಿ ಕತ್ತು ಕಡೀತಲ್ಲ, ಅದು ನನ್ ಕೈ ಅಲ್ಲ. ನಾನು ಯಾವತ್ತೂ ಹಂಗೆ ಕಡ್ದೋಳಲ್ಲ. ಮಿಕ್ಕಿದ್ನೆಲ್ಲ ಬೆರಳಲ್ಲೇ ಕೆದಕ್ದೆ."

"ಒಂದು ವರ್ಷ ಹಂಗಾಗಿರ್ಬೌದು..." ಎಂದು ನಾನು ಶುರು ಮಾಡಿದೆ.

ಅವಳು ಗುದ್ದಲಿಯನ್ನು ನನ್ನತ್ತ ಚಾಚಿದಳು. "ನೀನೇ ಹಿಡ್ಕೊಂಡು ನೋಡು."

ಹತಾರಮನೆ ಕಾಯುವವನಿಗೆ ಹಿತ್ತಲು ಇರಬಾರದು ಎಂಬುದು ಕಟ್ಟಳೆ. ಹಾಗಾಗಿ ನನಗೆ ಅಗೆದು ಅಭ್ಯಾಸವಿಲ್ಲ. ಆದರೆ ಹತಾರದ ಗುಣ ಗೊತ್ತಾಗದಷ್ಟು ದಡ್ಡನಲ್ಲ. ಕಟ್ಟಡದ ಹಿಂದೆ ಬಿಸಿಲು ಬೀಳುವ ಕಡೆ ನೆಲ ಇನ್ನೂ ಮೆತ್ತಗಿತ್ತು. ಅಲ್ಲಿ ಹೋಗಿ ಒಂದು ಏಟು ಹಾಕಿದೆ. ಗುದ್ದಲಿ ಅರ್ಧ ಇಳಿದು ಇಷ್ಟೇ ಸಾಕು ಎಂಬಂತೆ ನಿಂತಿತು. ಎರಡನೆಯ ಏಟು ಹಾಕಿದೆ, ಧಡಕ್ಕನೆ ಬೇಡದ ಕಡೆ ಹೋಗಿ ಬಿತ್ತು, ಸಿಟ್ಟು ಬಂದವನು ಹೊಡೆದ ಹಾಗೆ. ಮೂರನೆಯದಕ್ಕೆ ಓರೆಯಾಗಿ ಜಾರಿತು. ಒಂದೊಂದು ಏಟಿನಲ್ಲೂ ಒಬ್ಬೊಬ್ಬರು ನನಗೆ ಗುರುತು ಸಿಕ್ಕರು. ಇದು ಇಂಥವನ ಮೈಗಳ್ಳತನ, ಇದು ಇಂಥವಳ ಅಡ್ಡಾದಿಡ್ಡಿ. ಎಲ್ಲರನ್ನೂ ಅವರವರ ಜಾಗಕ್ಕೆ ತಂದು ನೇತುಹಾಕಿದವನು ನಾನೇ ಆದ್ದರಿಂದ ಮರೆಯುವ ಹಾಗೂ ಇರಲಿಲ್ಲ. ಹತ್ತು ಹನ್ನೆರಡು ಏಟು ಹಾಕಿದೆ. ಮಂಚಮ್ಮ ಮಾತ್ರ ಎಲ್ಲೂ ಸಿಗಲಿಲ್ಲ.

ಗುದ್ದಲಿಯನ್ನು ಅವಳ ಕೈಗೆ ವಾಪಸು ಕೊಟ್ಟೆ. ನನಗೆ ಆದದ್ದಕ್ಕೆ ನಾಚಿಕೆ ಅನ್ನಬೇಕು, ಬೇರೆ ಹೆಸರು ಯಾಕೆ? ಊರಿನ ಅತ್ಯುತ್ತಮ ಗುದ್ದಲಿಯನ್ನು ಊರಿನ ಅತ್ಯಂತ ಕೆಟ್ಟ ಗುದ್ದಲಿ ಮಾಡಿದ್ದೆ. ಒಂದು ಚೂರು ಮಣ್ಣಿಗೆ ಜನರನ್ನು ವಾಪಸು ಕಳಿಸುತ್ತಿದ್ದವನ ಕೈಯಲ್ಲೇ ಇದು ಆದದ್ದು.

"ಕತ್ತರಿಗಳ ಮಧ್ಯೆ ಹಾಕಲಾ?" ಎಂದು ಕೇಳಿದೆ.

"ಹಾಕಿದ್ರೆ ಈಗ ಹೆಂಗದೋ ಹಂಗೇ ಇರ್ತದೆ. ಈಗಿರೋದು ನಂಗೆ ಬ್ಯಾಡ." ಮಂಚಮ್ಮ ಗುದ್ದಲಿಯ ಮೇಲೆ ಅಂಟಿದ ಮಣ್ಣನ್ನು ಸೆರಗಿನಿಂದ ಒರೆಸಿದಳು. "ಒಂದೇ ಒಂದು ಚಳಿ, ಎರಡೂ ಕಡೆ ಒಳ್ಳೆ ಗುದ್ದಲಿ ಹಾಕು. ಅಷ್ಟೇ ಕೇಳೋದು. ಇನ್ನೊಂದು ಬೇಸಿಗೆ ಹಿಂಗೇ ಆದ್ರೆ ಸಸಿ ಮಡಿ ಮುಚ್ಚಬೇಕಾಯ್ತದೆ."

ಅವಳ ಕೇಳಿಕೆ ಅಷ್ಟೇ. ಇದಕ್ಕೇನು ಕಷ್ಟ ಎಂದುಕೊಂಡು ನಾನು ಅಂಗಳಕ್ಕೆ ಬಂದೆ. ಯಾರನ್ನೂ ಕೇಳದೆ ಯಾರ ಹತಾರವನ್ನಾದರೂ ಎಲ್ಲಿ ಬೇಕಾದರೂ ತೂಗುಹಾಕುವ ಅಧಿಕಾರ ನನಗಿತ್ತು. ಆದರೆ ಅವತ್ತು ಕೇಳೋಣ ಅನ್ನಿಸಿತು. ಊಟಕ್ಕೆ ಕೂತವರ ನಡುವೆ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮಂಚಮ್ಮನ ಗುದ್ದಲಿ ಕೆಟ್ಟಿದೆ, ಕೆಡಿಸಿದ್ದು ನಾವೇ, ಎರಡು ಒಳ್ಳೆಯ ಗುದ್ದಲಿ ಬೇಕು, ಯಾರು ಕೊಡುತ್ತೀರಿ?

ಇಡೀ ಅಂಗಳ ಮುದ್ದೆ ನುಂಗುವುದನ್ನು ನಿಲ್ಲಿಸಿತು. ಮರುಕ್ಷಣ ಎಲ್ಲರಿಗೂ ಒಮ್ಮೆಲೇ ಬಹಳ ಹಸಿವಾದ ಹಾಗೆ ಕಂಡಿತು.

"ನಮ್ದು ಆಗ್ಲೇ ಮಲಗ್ಬುಟ್ಟದೆ ಜವರಣ್ಣ, ಎಬ್ಬಿಸ್ಬಾರ್ದು," ಅಂದ ಒಬ್ಬ. ಹತಾರ ಎಬ್ಬಿಸಬಾರದು ಎಂಬ ಕಟ್ಟಳೆಯನ್ನು ನಾನು ಅಂದೇ ಮೊದಲ ಬಾರಿ ಕೇಳಿದ್ದು. "ನಮ್ಮತ್ತೇನ ಒಂದ್ಮಾತು ಕೇಳ್ಬೇಕು," ಅಂದಳು ಒಬ್ಬಳು. ಅತ್ತೆ ಅವಳ ಪಕ್ಕದಲ್ಲೇ ಕೂತು ಸಾರು ಸುರಿಯುತ್ತಿದ್ದಳು. ಮೇಷ್ಟರು ನನಗೆ ಬಾವಿಯ ಗುಂಡಿ ನೆನಪಿಸಿದರು. ಮಂಚಮ್ಮನ ಪಕ್ಕದಲ್ಲಿ ತೂಗಿ ಒಳ್ಳೆಯದಾದ ಗುದ್ದಲಿಯವರೇ ಅಲ್ಲಿ ಮೂವತ್ತಕ್ಕೂ ಹೆಚ್ಚು ಜನ ಇದ್ದರು. ಒಬ್ಬೊಬ್ಬರನ್ನೂ ನೋಡಿದೆ. ಒಬ್ಬೊಬ್ಬರೂ ಎಲೆ ನೋಡಿಕೊಂಡರು.

ಕೊನೆಗೆ ಚೆಲುವಾಜಮ್ಮನ ಮುಂದೆ ಹೋಗಿ ನಿಂತೆ. ಮಂಚಮ್ಮನನ್ನು ಬಿಟ್ಟರೆ ಊರಿನಲ್ಲಿ ಸಸಿ ಎಬ್ಬಿಸುವವಳು ಅವಳೊಬ್ಬಳೇ. ಇಬ್ಬರಿಗೂ ಮೊದಲಿನಿಂದ ಮಾತಿಲ್ಲ.

"ನನ್ನ ಕೇಳ್ತೀಯಲ್ಲ, ಬುದ್ಧಿ ಅದಾ ನಿಂಗೆ?" ಅಂದಳು ಚೆಲುವಾಜಮ್ಮ. ಬುದ್ಧಿಯ ವಿಷಯದಲ್ಲಿ ನನಗೂ ಅಂದು ಅನುಮಾನ ಬಂದಿತ್ತು.

ಯಜಮಾನರು ಕೈ ತೊಳೆದುಕೊಂಡು ಬಂದರು. "ಜವರಯ್ಯ, ಸುಮ್ನೆ ಯಾಕೆ ಗೊಂದಲ? ಈ ವರ್ಷ ಎಂದಿನಂಗೇ ಹಾಕು. ಬೆಟ್ಟಯ್ಯಂಗೆ ಮಾತು ಕೊಟ್ಟಾಗದೆ. ಮುಂದಿನ ವರ್ಷಕ್ಕೆ ನೋಡುವ," ಅಂದರು.

ಬೆಟ್ಟಯ್ಯ ಎದ್ದು ನಿಂತ. ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡಿದ್ದ. "ನಂದು ಅಲ್ಲಿಂದ ತೆಗ್ದುಬುಡು ಜವರಣ್ಣ. ನಂದ್ರಿಂದ ಆಯಮ್ಮಂಗೆ ಇನ್ನೂ ತೊಂದ್ರೆ ಯಾಕೆ?" ಅಂದ. ಎರಡು ಬೇಸಿಗೆಯಿಂದ ಹಿತ್ತಲು ಪಾಳು ಬಿದ್ದಿರುವ ಮನುಷ್ಯ ಹಾಗಂದ. ಒಳ್ಳೆಯ ಗುದ್ದಲಿಯವರು ಇನ್ನೊಂದು ಸಲ ಸಾರು ಬಡಿಸಿಕೊಂಡರು.

ಮಂಚಮ್ಮ ಬಾಗಿಲ ಬಳಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅಳಲಿಲ್ಲ, ಯಾರನ್ನೂ ಬೈಯಲಿಲ್ಲ. ಗುದ್ದಲಿಯನ್ನು ಹೆಗಲ ಮೇಲೆ ಹಾಕಿಕೊಂಡಳು. "ಬುಡು ಜವರಣ್ಣ. ಮನೇಲೇ ಒಂದು ಮೊಳೆಗೆ ಹಾಕ್ತೀನಿ. ಒಂಟಿಯಾಗಿದ್ದು ಎಲ್ಲಾ ಮರೀಲಿ. ಮೊದ್ಲಿಂದ ಕಲ್ಸ್ತೀನಿ," ಅಂದಳು.

"ಅದಕ್ಕೆ ಹತ್ತು ವರ್ಷ ಬೇಕು ಕಣೆ."

"ಗೊತ್ತು. ಬರೀ ಕಬ್ಬಿಣ ಆದ್ರೂ ವಾಸಿ. ಇದು ಹಿಂಗಿರೋದು ನೋಡಕ್ಕಾಗಲ್ಲ."

ಅವಳು ಅಂಗಳ ದಾಟಿ ಹೊರಟಳು. ಜನ ಕಾಲು ಮಡಚಿ ದಾರಿ ಬಿಟ್ಟರು. ಹೊತ್ತು ಬೇಲಿಯ ಮಟ್ಟಕ್ಕೆ ಇಳಿದಿತ್ತು. ಯಜಮಾನರು ಜೇಡಿಮಣ್ಣಿನ ಬುಟ್ಟಿಯನ್ನು ನನ್ನ ಕಡೆ ಸರಿಸಿ, ಇನ್ನು ಬಾಗಿಲು ಹಾಕು ಎಂದು ಸನ್ನೆ ಮಾಡಿದರು.

ನಾನು ಹೊಸ್ತಿಲ ಮೇಲೆ ಕೂತೆ. ಮೊದಲೇ ಯೋಚಿಸಿ ಮಾಡಿದ್ದಲ್ಲ. ಕೂತಮೇಲೆ ಏಳಬಾರದು ಅನ್ನಿಸಿತು.

"ಬಾಗ್ಲು ಹಾಕಲ್ಲ," ಅಂದೆ.

"ಯಾಕೆ?"

"ಒಂದು ಗೂಟ ಖಾಲಿ ಅದೆ. ಖಾಲಿ ಗೂಟ ಬುಟ್ಟು ನಾನು ಯಾವ ವರ್ಷನೂ ಬಾಗ್ಲು ಹಾಕಿಲ್ಲ."

ಮೊದಲು ನಕ್ಕರು. ಆಮೇಲೆ ಗದರಿಸಿದರು. ಆಮೇಲೆ ಬೆಣ್ಣೆ ಹಚ್ಚಿದರು. ಇಂಥ ಅಚ್ಚುಕಟ್ಟಿನ ಮನುಷ್ಯ ಊರ ಹತಾರಕ್ಕೆಲ್ಲ ತುಕ್ಕು ಹಿಡಿಸುತ್ತಾನೆಯೇ ಎಂದು ಕೇಳಿದರು. ನನಗೂ ಒಳಗೊಳಗೆ ಪ್ರಾಣ ಹೋಗುತ್ತಿತ್ತು, ಸುಳ್ಳು ಯಾಕೆ ಹೇಳಲಿ? ಬೆನ್ನ ಹಿಂದೆ ಇನ್ನೂರ ಹನ್ನೊಂದು ಹತಾರ, ಒಂದೊಂದನ್ನೂ ನನ್ನ ಕೈಯಲ್ಲೇ ತೂಗುಹಾಕಿದ್ದು. ಮಂಜು ಕೆರೆಯ ಕಡೆಯಿಂದ ಎದ್ದು ರಸ್ತೆಗೆ ಬರುವುದು ಕಾಣುತ್ತಿತ್ತು. ಯಾರೋ ಓಡಿಹೋಗಿ ಮಂಚಮ್ಮನನ್ನು ಕರೆತಂದರು. ಅವಳು ಬಂದು ದೂರದಲ್ಲೇ ನಿಂತಳು, ಇದೆಲ್ಲ ತನ್ನಿಂದ ಆಯಿತೆಂಬ ಸಂಕೋಚದಲ್ಲಿ.

ಆಗ ಕಾಳಿಂಗಯ್ಯ ಎದ್ದ. ಈ ಕಾಳಿಂಗಯ್ಯನ ಬಗ್ಗೆ ಹೇಳಬೇಕೆಂದರೆ, ಅವನು ಎದ್ದ ಎಂಬುದೇ ನಮ್ಮೂರಿನಲ್ಲಿ ಒಂದು ಸುದ್ದಿ. ಅಷ್ಟು ಸೋಮಾರಿ. ಅವನ ಗುದ್ದಲಿಯನ್ನು ಕತ್ತರಿಗಳ ಮೂಲೆಯಲ್ಲಿ ಹಾಕಿರುತ್ತೇನೆ, ಬೇರೆ ಗುದ್ದಲಿಗಳಿಗೆ ತಗಲದಿರಲಿ ಎಂದು.

"ನಂದು ಹಾಕಪ್ಪ ಒಂದು ಕಡೆ," ಅಂದ. "ಕಾಲು ಜೋಮು ಹಿಡೀತಾ ಅದೆ. ಮನೆಗೋಗಿ ಮಲಗ್ಬೇಕು."

ಜನ ಗೊಳ್ಳೆಂದು ನಕ್ಕರು. "ಇದ್ದಿದ್ದಕ್ಕೆ ಇವನ್ದೊಂದು ಬೇರೆ!" ಅಂದರು. ನಾನು ಮಂಚಮ್ಮನ ಮುಖ ನೋಡಿದೆ.

"ಕೊಡ್ತೀನಿ ಅಂದೋನು ಅವನೊಬ್ಬನೇ," ಅಂದಳು ಅವಳು. "ಹಾಕು."

"ಇನ್ನೊಂದು ಕಡೆಗೆ?" ನಾನು ಎಲ್ಲರನ್ನೂ ಕೇಳಿದೆ. ಮಂಜು ಬೇಲಿಗೆ ಬಂದಿತ್ತು.

ಚೆಲುವಾಜಮ್ಮ ಸೆರಗು ಕೊಡವಿಕೊಂಡು ಎದ್ದಳು. "ನಂದು ಹಾಕು," ಅಂದಳು, ಸಿಟ್ಟಿನಲ್ಲೇ. ಆಮೇಲೆ ಮಂಚಮ್ಮನನ್ನು ನೋಡದೆ, ಬಾಗಿಲ ಕಂಬವನ್ನು ನೋಡುತ್ತ ಮಾತಾಡಿದಳು. "ಅವಳ ಮಡಿಗಿಂತ ನನ್ ಮಡಿ ಚೆನ್ನಾಗಿರ್ಬೇಕು ಅಂತ ಇಪ್ಪತ್ತು ವರ್ಷದಿಂದ ಬೆಳಗ್ಗೆ ಎದ್ದೋಳು ನಾನು. ಅವಳು ಮಡಿ ಮುಚ್ಚಿದ್ರೆ ನಾನು ಯಾಕೆ ಏಳ್ಲಿ?"

ನಾನು ಒಳಗೆ ಓಡಿದೆ. ಕಾಳಿಂಗಯ್ಯನದು ಎಡಕ್ಕೆ, ಚೆಲುವಾಜಮ್ಮನದು ಬಲಕ್ಕೆ. ಬೆಟ್ಟಯ್ಯನದನ್ನು ಕಾಳಿಂಗಯ್ಯನದರ ಆಚೆಗೆ ಸರಿಸಿದೆ, ಬೇರೆ ಜಾಗ ಹುಡುಕಲು ಹೊತ್ತಿರಲಿಲ್ಲ. ಆ ಜಗಳಗಂಟನದು ಕತ್ತರಿಗಳ ಮೂಲೆಗೆ ಹೋಯಿತು. ಮಂಚಮ್ಮ ತಾನೇ ಒಳಗೆ ಬಂದು ತನ್ನ ಗುದ್ದಲಿಯನ್ನು ಗೂಟಕ್ಕೆ ಹಾಕಿದಳು. ಎಲ್ಲರೂ ಸೇರಿ ಬಾಗಿಲಿಗೆ ಜೇಡಿ ಮೆತ್ತಿದರು. ನನ್ನ ಇಪ್ಪತ್ತಮೂರು ವರ್ಷದಲ್ಲಿ ಅಷ್ಟು ಒರಟಾಗಿ ಮೆತ್ತಿದ ಬಾಗಿಲನ್ನು ನಾನು ನೋಡಿಲ್ಲ.

ಆ ಚಳಿಗಾಲ ನಿಧಾನವಾಗಿ ಹೋಯಿತು. ನಾನು ದಿನಾ ಬೆಳಗ್ಗೆ ಹೋಗಿ ಬಾಗಿಲ ಜೇಡಿ ಬಿರುಕು ಬಿಟ್ಟಿದೆಯೇ ಎಂದು ನೋಡಿ ಬರುತ್ತಿದ್ದೆ. ಮಂಚಮ್ಮನೂ ಕೆಲವು ಸಲ ಬಂದಳು. ಬಿಸಿಲು ಕಾಯಿಸಲು ಬಂದವಳಂತೆ ಗೋಡೆಗೆ ಒರಗಿ ನಿಂತಿದ್ದು ಹೋಗುತ್ತಿದ್ದಳು. ನನಗೆ ಚಿಂತೆ ಬಲಗಡೆಯದಲ್ಲ, ಎಡಗಡೆಯದು. ಮೊದಲೇ ಕೆಟ್ಟದ್ದಕ್ಕೆ ಇನ್ನೊಂದು ಸೋಮಾರಿತನ ಸೇರಿಸಿ ಕೂತಿದ್ದೇನಲ್ಲ ಎಂದು ಎಷ್ಟೋ ಸಲ ಬಾಗಿಲು ಒಡೆದು ಬದಲಾಯಿಸಿಬಿಡೋಣ ಅನ್ನಿಸಿತು. ಬಾಗಿಲು ಒಡೆಯುವ ಧೈರ್ಯವಾಗಲಿಲ್ಲ.

ತೊಂಬತ್ತೊಂದನೆಯ ದಿನ ಬಾಗಿಲು ತೆಗೆದೆವು. ಒಳಗೆ ಹೊಂಗೆ ಎಣ್ಣೆಯ ವಾಸನೆ, ಬೂದಿಯ ಮೇಲೆ ಇಲಿಯ ಹೆಜ್ಜೆ ಕೂಡ ಇರಲಿಲ್ಲ. ಹತಾರಗಳನ್ನು ಹಂಚಿದೆ. ಮಂಚಮ್ಮ ತನ್ನದನ್ನು ತೆಗೆದುಕೊಂಡು ಮನೆಗೆ ಹೋಗಲಿಲ್ಲ. ಕಟ್ಟಡದ ಹಿಂದೆ, ನಾನು ಅಗೆದು ನೋಡಿದ್ದ ಜಾಗಕ್ಕೇ ಹೋದಳು. ನಾನು ಹಿಂದೆಯೇ ಹೋದೆ. ಚೆಲುವಾಜಮ್ಮ, ಬೆಟ್ಟಯ್ಯ, ಇನ್ನೂ ನಾಲ್ಕಾರು ಜನ ಬಂದರು. ಕಾಳಿಂಗಯ್ಯ ಮಾತ್ರ ಗೋಡೆಯ ನೆರಳಿನಲ್ಲೇ ಕೂತ.

ಮೊದಲ ಏಟು ಚೆಲುವಾಜಮ್ಮನ ಹಾಗೆ ಬಿತ್ತು, ಚುರುಕು, ಸ್ವಲ್ಪ ಗರ್ವ. ಎರಡನೆಯ ಏಟಿಗೆ ಮಂಚಮ್ಮ ನಿಂತುಬಿಟ್ಟಳು. ಕಾವಿನ ಮೇಲೆ ಕೈಯನ್ನು ಸಡಿಲ ಮಾಡಿ, ಮತ್ತೆ ಹಿಡಿದು, ಇನ್ನೊಂದು ಏಟು ಹಾಕಿದಳು. ಗುದ್ದಲಿ ಗರಿಕೆಯ ಬುಡದ ಕೆಳಗೆ ನುಸುಳಿ ಬೇರನ್ನು ಉದ್ದಕ್ಕೆ ಎತ್ತಿತು, ಒಂದು ಕಡೆಯೂ ತುಂಡಾಗಲಿಲ್ಲ. ಮಣ್ಣು ರವೆಯಾಗಿ ಉದುರಿತು.

"ಇದು ನನ್ ಕೈ," ಅಂದಳು. ಬಗ್ಗಿ ಆ ಬೇರನ್ನು ಎತ್ತಿಕೊಂಡಳು. "ಇದು ಎಲ್ಲಿತ್ತು?"

ಎಲ್ಲರೂ ಕಾಳಿಂಗಯ್ಯನ ಕಡೆ ತಿರುಗಿದೆವು. ನನಗೆ ಆಗ ತಲೆಗೆ ಹತ್ತಿತು. ಒಂಬತ್ತು ವರ್ಷದ ಹಿಂದೆ ಅವನ ಹೆಂಡತಿ ನನ್ನ ಮುಂದೆ ಗೋಳಾಡಿದಳೆಂದು ಅವನ ಗುದ್ದಲಿಯನ್ನೂ ಒಂದು ಚಳಿ ಮಂಚಮ್ಮನ ಪಕ್ಕ ಹಾಕಿದ್ದೆ.

"ಆಮೇಲೆ ಏನ್ ಮಾಡ್ದೆ ಅದನ್ನ?" ಎಂದು ಕೇಳಿದೆ.

"ಏ, ಆ ವರ್ಷ ಎರಡು ದಿನ ಹಿಡ್ದೆ," ಅಂದ ಕಾಳಿಂಗಯ್ಯ. "ಅದು ನಿಲ್ಲೋದೇ ಇಲ್ಲ ಮಾರಾಯ! ಒಂದು ಪಾತಿ ಮುಗೀತು ಅಂದ್ರೆ ಇನ್ನೊಂದಕ್ಕೆ ಎಳ್ಕೊಂಡು ಹೋಗ್ತದೆ. ನಂಗೆ ಭಯ ಆಗಿ ಅಟ್ಟದ ಕೆಳಗಿಟ್ಟೆ. ವರ್ಷಕ್ಕೊಂದು ಸಲ ಒರೆಸಿ ನಿಂಗೆ ತಂದು ಕೊಡ್ತೀನಿ, ಅಷ್ಟೇ. ಯಾಕೆ, ಏನಾರು ತಪ್ಪಾಯ್ತಾ?"

ಮಂಚಮ್ಮ ನಕ್ಕಳು. ನಗುತ್ತ ನಗುತ್ತಲೇ ಅವಳ ಕಣ್ಣಲ್ಲಿ ನೀರು ಸುರಿಯಿತು, ಅದನ್ನು ಒರೆಸಿಕೊಳ್ಳಲೂ ಇಲ್ಲ. ಒಂಬತ್ತು ವರ್ಷದ ಹಿಂದಿನ ಅವಳ ಕೈ, ಒಂದಿಷ್ಟೂ ಸವೆಯದೆ, ಚಳಿಯಲ್ಲಿ ಕತ್ತರಿಗಳ ಮೂಲೆಯಲ್ಲಿ, ಬೇಸಿಗೆಯಲ್ಲಿ ಊರಿನ ದೊಡ್ಡ ಸೋಮಾರಿಯ ಅಟ್ಟದ ಕೆಳಗೆ ಇತ್ತು. ಬೆಟ್ಟಯ್ಯ ತನ್ನ ಗುದ್ದಲಿಯನ್ನು ಎಡಗೈಯಲ್ಲಿ ಹಿಡಿದು ಮೆಲ್ಲಗೆ ನೆಲಕ್ಕೆ ತಾಕಿಸಿ ನೋಡಿದ. ಕಾಳಿಂಗಯ್ಯನದರ ಪಕ್ಕದಲ್ಲಿ ತೂಗಿದ ಅದೂ ಆ ಕೈಯಿಂದ ಒಂದಿಷ್ಟು ಕಲಿತಿತ್ತು. ಸೋತ ಕೈಯನ್ನು ತಾನೇ ಹೊತ್ತುಕೊಂಡು ನಡೆಯುವಷ್ಟು ಕಲಿತಿತ್ತು. ಅವನು ಯಾರಿಗೂ ಹೇಳದೆ ಅವಸರವಾಗಿ ಮನೆ ಕಡೆ ಹೊರಟ.

ಜನ ಚದುರಿದ ಮೇಲೆ ಮಂಚಮ್ಮ ಗುದ್ದಲಿಯ ಮಣ್ಣನ್ನು ಬೆರಳಿನಿಂದ ತೆಗೆಯುತ್ತ ನಿಂತಿದ್ದಳು. ನಾನು ತಪ್ಪಾಯಿತು ಎಂದು ಹೇಳಬೇಕೆಂದು ಮೂರು ತಿಂಗಳಿಂದ ಮಾತು ಜೋಡಿಸಿಕೊಂಡಿದ್ದೆ. ಬಾಯಿಗೆ ಬಂದದ್ದು ಬೇರೆ.

"ಮುಂದಿನ ಚಳಿಯಿಂದ ನಿನ್ ಪಕ್ಕ ಕೆಟ್ಟದ್ದು ಯಾವುದೂ ಹಾಕಲ್ಲ ಮಂಚಮ್ಮ," ಅಂದೆ.

"ಹಾಕು," ಅಂದಳು ಅವಳು. "ಒಂದು ಕಡೆ ಹಾಕು. ಬೆಟ್ಟಯ್ಯಂದು ಇನ್ನೂ ಪೂರ್ತಿ ಸರಿಹೋಗಿಲ್ಲ. ಆದ್ರೆ ಜವರಣ್ಣ, ಇಪ್ಪತ್ತು ಚಳಿ ಅವರ್ದು ಇವರ್ದು ತಂದು ತಂದು ಹಾಕ್ದೆಯಲ್ಲ, ಒಂದು ಸಲ, ಒಂದೇ ಒಂದು ಸಲ, ಹಾಕ್ಲಾ ಅಂತ ನನ್ ಕೇಳ್ಬೌದಿತ್ತು."

"ಕೇಳಿದ್ರೆ ಬ್ಯಾಡ ಅಂತಿದ್ಯಾ?"

"ಇಲ್ಲ," ಅಂದಳು ಮಂಚಮ್ಮ. "ಅಂತಿರ್ಲಿಲ್ಲ."

ಗುದ್ದಲಿಯನ್ನು ಹೆಗಲಿಗೆ ಹಾಕಿಕೊಂಡು ಸಸಿ ಮಡಿಯ ಕಡೆಗೆ ಹೊರಟಳು.